ಮುಬಾರಕಣ್ಣನ ಲೈವ್ ಭಂಡಾರ

ಆನೇಮಹಲ್ಲಿನಲ್ಲಿ ಜೀಪು ರಿಪೇರಿ ಮಾಡುವ ಮುಬಾರಕಣ್ಣನಿಗೆ ಸ್ಟುಡಿಯೋದಲ್ಲಿ ಹಾಡಿದ ರಾಕ್ ಹಾಡೆಂದರೆ ಪಥ್ಯದ ಗಂಜಿ. ಜನರ ನಡುವೆ ಯಾರೋ ಕದ್ದು ಟೇಪು ಮಾಡಿಕೊಂಡ ಕಛೇರಿಯೇ ಅವನಿಗೆ ಸಂಗೀತ. ಗಿಟಾರಿಗಿಂತ ಪಕ್ಕದವನ ಕೆಮ್ಮು ಜೋರಾಗಿದ್ದರೆ ಇನ್ನೂ ಶ್ರೇಷ್ಠ. "ಕೆಮ್ಮಿದ್ದು ಕೇಳ್ತಾ? ಅಲ್ಲೇ ಜೀವ ಇರೋದು ಕಣ್ರೀ" ಎಂದು ಕಣ್ಣು ಮುಚ್ಚುತ್ತಾನೆ, ತೆರೆಯುವಷ್ಟರಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಜೀಪಿನೊಳಗೆ ಹಕ್ಕಿ ಗೂಡು ಕಟ್ಟಿ, ಮರಿ ಮಾಡಿ, ಹಾರಿಸಿಯೂ ಆಗಿರುತ್ತದೆ. ಕೇಳಿದವರಿಗೆಲ್ಲ ಟೇಪಿನಿಂದ ಫೋನಿಗೋ ಪೆನ್‌ಡ್ರೈವಿಗೋ ಹಾಕಿ ಪುಕ್ಕಟೆ ಪ್ರತಿ ಕೊಡುತ್ತಾನೆ. "ಅಳಿಸ್ಬಾರ್ದು, ಇನ್ನೊಬ್ರಿಗೆ ಕೊಡ್ಬೇಕು, ಅಷ್ಟೇಯ." ಈ ಮಳೆಗಾಲದಲ್ಲಿ ಅವನ ಪ್ರಾಣದಂಥ ಕಛೇರಿಯೊಂದರ ಟೇಪಿಗೆ ಬೂಷ್ಟು ಹಿಡಿದು ಹಾಳಾಯಿತು. ಪ್ರತಿ ಒಯ್ದ ಭಕ್ತರನ್ನೆಲ್ಲ ಹೆತ್ತೂರಿನವರೆಗೂ ಹುಡುಕಿಕೊಂಡು ಹೋದ. ಒಬ್ಬ ಫೋನು ಕಳೆದಿದ್ದ, ಇನ್ನೊಬ್ಬ ಅದನ್ನು ಅಳಿಸಿ ನಾದಿನಿಯ ಮದುವೆಯ ವಿಡಿಯೋ ತುಂಬಿಸಿದ್ದ. ಕೊನೆಗೆ ಅದು ಸಿಕ್ಕಿದ್ದು ಕುಂದೂರಿನ ಭೂತಮ್ಮನ ಬಾಳೆತೋಟದಲ್ಲಿ. ಪ್ರತಿ ಒಯ್ದಿದ್ದ ಅವಳ ಅಳಿಯ ಬಿಸಾಡಿದ್ದ ಪೆನ್‌ಡ್ರೈವನ್ನು ಸ್ಪೀಕರಿಗೆ ಸಿಕ್ಕಿಸಿ, ಅವಳು ಮೂರು ವರ್ಷದಿಂದ ಅದರಲ್ಲೇ ಕೋತಿ ಓಡಿಸುತ್ತಿದ್ದಳು. "ಇಂಥಾ ಸಂಗೀತಾನ ಕೋತಿಗೆ ಹಾಕ್ತೀಯಲ್ಲಕ್ಕ!" ಎಂದು ಮುಬಾರಕಣ್ಣ ತಲೆ ಚಚ್ಚಿಕೊಂಡ. "ಸುಮ್ಕಿರಣ್ಣ, ಈಗ ಇದ್ರಲ್ಲಿ ಒಂದು ಹೆಂಗ್ಸು ಅಳ್ತದೆ" ಎಂದು ಭೂತಮ್ಮ ಕೈಯಲ್ಲಿದ್ದ ಕತ್ತಿಯನ್ನು ನೆಲಕ್ಕಿಟ್ಟಳು. "ಆ ಗಲಾಟೇಲಿ ಯಾರೂ ಅವಳ್ನ ಕೇಳೋರೇ ಇಲ್ಲ, ಪಾಪ. ಅವಳು ಸುಧಾರಿಸ್ಕೊಳೋಗಂಟ ನಾನು ಗೊನೆ ಕಡಿಯಾಕಿಲ್ಲ." ಡ್ರಮ್ಮಿನ ಅಬ್ಬರದ ಅಡಿಯಲ್ಲಿ ಸಣ್ಣದೊಂದು ಬಿಕ್ಕು ಕೇಳಿಸಿತು. ಇಪ್ಪತ್ತು ವರ್ಷ ಆ ಕಛೇರಿಯನ್ನು ಕಾಪಾಡಿದ ಮುಬಾರಕಣ್ಣ ಆ ಬಿಕ್ಕನ್ನು ಕೇಳಿದ್ದು ಅವತ್ತೇ ಮೊದಲು.