ಕೆಂಪು ದಾರದ ಬಾಚಣಿಗೆ

ಮೊದಲು ಕಂಡಿದ್ದು ನನ್ನ ಮಗಳು ಚೈತ್ರಾಳಿಗೆ. ಆಗ ಅವಳು ಎರಡನೇ ಕ್ಲಾಸು. ನಾನು ತಲೆಗೆ ನೀರು ಹಾಕಿಕೊಂಡು ಹಿತ್ತಲಿನ ಬಿಸಿಲಿಗೆ ಕೂದಲು ಹರವಿ ಕೂತಿದ್ದೆ. ಹಿಂದೆ ನಿಂತು ಆಡುತ್ತಿದ್ದವಳು ಇದ್ದಕ್ಕಿದ್ದಂತೆ ಅಂದಳು: "ಅವ್ವಾ, ಇಲ್ಲೊಂದು ಎಂಟಾಣೆ ಐತೆ."

ಕೈಯಾಡಿಸಿ ನೋಡಿದೆ. ಎಡಗಿವಿಯ ಮೇಲೆ ದುಂಡಗೆ, ನುಣ್ಣಗೆ. ಅಲ್ಲಿ ಕೂದಲೇ ಇರಲಿಲ್ಲ. ನೋವಿಲ್ಲ. ತುರಿಕೆಯಿಲ್ಲ. ನನ್ನದೇ ತಲೆ, ಆದರೆ ಬೇರೆ ಯಾರದೋ ಚರ್ಮ ಮುಟ್ಟಿದಂತಾಯಿತು. ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ.

ಅಸಹ್ಯ ಶುರುವಾಗಿದ್ದು ಆ ಒರೆಸಿಕೊಂಡ ಕೈಯಿಂದ.

ನಾನು ಚಳ್ಳಕೆರೆಯವಳು. ಅಪ್ಪನದು ಶೇಂಗಾ ಎಣ್ಣೆಯ ಮಿಲ್ಲು. ಮದುವೆಯಾಗಿ ಬಂದಿದ್ದು ಮೊಳಕಾಲ್ಮೂರಿಗೆ, ರೇಷ್ಮೆ ಸೀರೆ ವ್ಯಾಪಾರದ ಮನೆಗೆ. ನೇಕಾರರು ತಂದುಕೊಟ್ಟ ಸೀರೆಗಳನ್ನು ನೋಡಿ, ಮಡಚಿ, ನಡುವೆ ಕಾಗದ ಇಟ್ಟು ಜೋಡಿಸುವುದು ನನ್ನ ಕೆಲಸ. ಅತ್ತೆ ರಾಯದುರ್ಗದ ಕಡೆಯವರು, ಕನ್ನಡದ ನಡುವೆ ತೆಲುಗು ಬೆರೆಸಿ ಮಾತಾಡುತ್ತಾರೆ. ಗಿರಿಜಾ ಅನ್ನುವ ನನ್ನ ಹೆಸರು ಅವರ ಬಾಯಲ್ಲಿ ಬಂದಿದ್ದೇ ಇಲ್ಲ. ನಾನು ಅವರಿಗೆ ಮೊದಲ ದಿನದಿಂದ "ಅಮ್ಮಾಯಿ".

ದಿನಾ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಚೈತ್ರಾಳಿಗೆ ಎರಡು ಜಡೆ ಹಾಕುತ್ತಿದ್ದೆ. ಹೊಸ್ತಿಲ ಮೇಲೆ ನಾನು, ಕೆಳಗಿನ ಮೆಟ್ಟಿಲ ಮೇಲೆ ಅವಳು. ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಅವಳ ಬಾಯಿ ಮುಂದೆ ಹಿಡಿಯುತ್ತಿದ್ದೆ. ಅವಳು "ಥೂ, ಥೂ, ಥೂ" ಅಂತ ಮೂರು ಸಲ ಉಗಿದ ಮೇಲೆ ಬಿಸಾಡುವುದು. ಉದುರಿದ ಕೂದಲಿಗೆ ಉಗಿಯದೆ ಎಸೆದರೆ ಯಾರಾದರೂ ಎತ್ತಿಕೊಂಡು ಹೋಗಿ ಏನಾದರೂ ಮಾಡಿಸುತ್ತಾರೆ ಅನ್ನುವ ಭಯ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇದೆ. ಚೈತ್ರಾಳಿಗೆ ಭಯ ಗಿಯ ಏನಿಲ್ಲ. ಉಗಿಯಲು ಅಪ್ಪಣೆ ಸಿಗುತ್ತದಲ್ಲ, ಅದೇ ಖುಷಿ.

ಎಂಟಾಣೆ ಹದಿನೈದು ದಿನದಲ್ಲಿ ರೂಪಾಯಿಯಾಯಿತು. ಪಕ್ಕದಲ್ಲಿ ಇನ್ನೊಂದು. ನೆತ್ತಿಯ ಹಿಂದೆ ಮತ್ತೊಂದು. ಅತ್ತೆ ನನ್ನನ್ನು ಬೆಳಕಿಗೆ ಕೂರಿಸಿ, ತಲೆ ಬಗ್ಗಿಸಿ ನೋಡಿದರು.

"ಪೇನುಕೊರುಕುಡು," ಅಂದರು.

ತೆಲುಗಿನಲ್ಲಿ ಪೇನು ಅಂದರೆ ಹೇನು ಅನ್ನುವಷ್ಟು ನನಗೆ ಗೊತ್ತಿತ್ತು. ಕೊರುಕುಡು ಅಂದರೆ ಕಡಿಯುವುದು. ಮೈಯೆಲ್ಲ ಉರಿದುಹೋಯಿತು. ವಾರಕ್ಕೆರಡು ಸಲ ಸೀಗೆಪುಡಿ ಹಾಕಿ ಉಜ್ಜಿಕೊಳ್ಳುವವಳು ನಾನು.

"ನನ್ ತಲೇಲಿ ಒಂದು ಹೇನು ತೋರಿಸ್ರಿ ಅತ್ತೆ, ನೋಡೋಣ," ಅಂದೆ.

"ಇದು ಕಣ್ಣಿಗೆ ಕಾಣೋ ಪೇನಲ್ಲ ಅಮ್ಮಾಯಿ. ಮಲಗಿದ್ದಾಗ ಬಂದು ಕೊರೆದು ಹೋಗ್ತೈತೆ. ಒಬ್ರಿಂದ ಒಬ್ರಿಗೆ ಅಂಟ್ತೈತೆ. ನಮ್ಮೂರಾಗೆ ನೋಡೀನಿ."

ಮಾರನೆಯ ದಿನ ನನ್ನ ಬಾಚಣಿಗೆಯ ತುದಿಗೆ ಒಂದು ಕೆಂಪು ದಾರ ಬಂತು. ಸೀರೆಯ ಅಂಚಿನಿಂದ ಉಳಿದ ರೇಷ್ಮೆ ಎಳೆ. ಗುರುತಿಗೆ. ಅದನ್ನು ಬೇರೆಯವರು ಮುಟ್ಟಬಾರದು, ಬೇರೆಯವರದನ್ನು ನಾನು ಮುಟ್ಟಬಾರದು. ನನ್ನ ದಿಂಬು ಬೇರೆ, ಟವಲು ಬೇರೆ. ಚೈತ್ರಾ ಅಜ್ಜಿಯ ಹಾಸಿಗೆಗೆ ಹೋದಳು. ಅವಳಿಗೆ ಜಡೆ ಹಾಕುವ ಕೆಲಸವೂ ಅಜ್ಜಿಗೇ ಹೋಯಿತು. ಅತ್ತೆಯ ಕೈ ಬಿರುಸು. ಎಳೆದು ಕಟ್ಟುವಾಗ ಅವಳ ಕಣ್ಣ ತುದಿ ಮೇಲಕ್ಕೆ ಹೋಗುತ್ತಿತ್ತು. ನಾನು ನಾಲ್ಕು ಮಾರು ದೂರ, ಅಡುಗೆಮನೆಯ ಬಾಗಿಲಲ್ಲಿ, ತಲೆತುಂಬ ಸೆರಗು ಹೊದ್ದು ನಿಂತು ನೋಡುತ್ತಿದ್ದೆ.

ನನ್ನ ಮಗಳ ತಲೆ ಮುಟ್ಟುವ ಹಾಗಿಲ್ಲ.

ಅತ್ತೆ ಕೆಟ್ಟವರು ಅಂತ ಬರೆದು ಮುಗಿಸಿಬಿಡುವುದು ಸುಲಭ. ಅವರು ನನಗೆ ಬಿಸಿ ರೊಟ್ಟಿಯನ್ನೇ ಹಾಕುತ್ತಿದ್ದರು. ತುಪ್ಪವನ್ನೂ ಹಾಕುತ್ತಿದ್ದರು. ಆದರೆ ತಟ್ಟೆಯನ್ನು ಕೈಗೆ ಕೊಡುತ್ತಿರಲಿಲ್ಲ, ನೆಲದ ಮೇಲೆ ಇಟ್ಟು ಮುಂದಕ್ಕೆ ತಳ್ಳುತ್ತಿದ್ದರು. ಆ ತಟ್ಟೆ ನೆಲದ ಮೇಲೆ ಜಾರಿ ಬರುವ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಮದ್ದುಗಳದ್ದು ಇನ್ನೊಂದು ನರಕ. ಮೊದಲು ಈರುಳ್ಳಿ. ಕತ್ತರಿಸಿ ಬೋಳು ಜಾಗಕ್ಕೆ ತಿಕ್ಕುವುದು. ಆಮೇಲೆ ಬೆಳ್ಳುಳ್ಳಿ. ಎರಡು ವಾರದಲ್ಲಿ ನಾನು ಕೆಟ್ಟುಹೋದ ಹಳೇ ಚಟ್ನಿಯ ಹಾಗೆ ನಾರತೊಡಗಿದೆ. ಆಮೇಲೆ ಗುಲಗಂಜಿ. ಅದನ್ನು ನೀರಲ್ಲಿ ತೇದು ಹಚ್ಚಿದರು. ಸಂಜೆಗೆ ಗುಳ್ಳೆ, ಬೆಳಿಗ್ಗೆಗೆ ಕೀವು. "ಉರೀತೈತಾ? ಉರಿದ್ರೆ ಒಳ್ಳೇದು, ಹುಳ ಸಾಯ್ತೈತೆ," ಅಂದರು ಅತ್ತೆ. ಹುಳ ಸತ್ತಿತೋ ಇಲ್ಲವೋ, ನೊಣ ಮಾತ್ರ ಬಂದವು. ಕೊಂಡ್ಲಹಳ್ಳಿಯ ಹತ್ತಿರ ನಾಟಿ ಔಷಧಿ ಕೊಡುವವರೊಬ್ಬರು ಕರಿಯ ಲೇಪವೊಂದನ್ನು ಎಲೆಯಲ್ಲಿ ಕಟ್ಟಿಕೊಟ್ಟರು. ಏನಿದು ಅಂದರೆ ಕೇಳಬಾರದಂತೆ. ಹಚ್ಚಿಕೊಂಡು ಕೂತ ಮೇಲೆ ನಮ್ಮ ಮನೆಯವರು, ಅದರಲ್ಲಿ ಮೇಕೆಯ ಪಿತ್ತ ಇದೆಯಂತೆ ಅಂದರು. ಓಡಿಹೋಗಿ ಬಚ್ಚಲಲ್ಲಿ ವಾಂತಿ ಮಾಡಿದೆ.

ಆ ಬಚ್ಚಲೂ ಅಷ್ಟೇ. ಒಂದು ದಿನ ನೀರು ಹೋಗದೆ ನಿಂತಿತು. ಮೋರಿಗೆ ಕೈ ಹಾಕಿ ಎಳೆದೆ. ಬಂತು, ಬಂತು, ಬರುತ್ತಲೇ ಇತ್ತು. ಸೋಪು, ಜಿಡ್ಡು ಅಂಟಿದ ನನ್ನದೇ ಕೂದಲು, ಮುಷ್ಟಿಯಷ್ಟು. ಮದುವೆಯಲ್ಲಿ ಇದೇ ಕೂದಲಿಗೆ ಮೊಗ್ಗಿನ ಜಡೆ ಹಾಕಿ ಫೋಟೋ ತೆಗೆಸಿದ್ದರು. ಆ ಫೋಟೋದಲ್ಲಿ ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತಿದ್ದೇನೆ.

ಸಲಹೆ ಕೊಡಲು ಬರುವವರಿಗೆ ಲೆಕ್ಕವಿರಲಿಲ್ಲ. ಸೆರಗು ಸರಿಸಿ ತೋರಿಸು ಅನ್ನುವರು. ತೋರಿಸಿದರೆ ಮೂಗು ಮುಚ್ಚಿಕೊಳ್ಳುವರು. ಟೆನ್ಷನ್ನಾ? ಯಾರದಾದ್ರೂ ಶಾಪವಾ? ಗಂಡ ಸರಿಯಾಗಿ ನೋಡ್ಕೋತಾನಾ? ಮತ್ತೆ ಬರುತ್ತಾ? ಈ ಪ್ರಶ್ನೆಗಳಿಗೆ ಉತ್ತರ ನನಗೆ ಬೇಕಿತ್ತು. ಅವರು ನನ್ನನ್ನೇ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಗೆ ಬಂದಿದ್ದ ವ್ಯಾಪಾರಿಯೊಬ್ಬರು ಸೀರೆ ಬಿಡಿಸಿದರು. ಕೆನೆಬಣ್ಣದ ಸೀರೆ. ಮಡಿಕೆಯ ನಡುವೆ ಉದ್ದನೆಯ ಕೂದಲು. ಎರಡೇ ಬೆರಳಲ್ಲಿ ಹಿಡಿದೆತ್ತಿ ಗಾಳಿಗೆ ಬಿಟ್ಟು, ಬೆರಳು ಪಂಚೆಗೆ ಒರೆಸಿಕೊಂಡರು. ಅವರು ಹೋದ ಮೇಲೆ ನಮ್ಮ ಮನೆಯವರು ನನ್ನ ಮುಖ ನೋಡದೆ ಹೇಳಿದರು:

"ಸ್ವಲ್ಪ ದಿನ ಸೀರೆ ಮುಟ್ಟಬೇಡ ಗಿರಿಜಾ. ಒಳಗೇ ಇರು."

ವಿಷಯ ತಿಳಿದು ಅಪ್ಪ ಚಳ್ಳಕೆರೆಯಿಂದ ಬಂದರು, ಪೇಪರಿನ ಒಂದು ಜಾಹೀರಾತು ಕತ್ತರಿಸಿಕೊಂಡು. ಬೆಂಗಳೂರಿನಲ್ಲಿ ಕೂದಲು ನಾಟಿ ಮಾಡುತ್ತಾರಂತೆ. ನಾಟಿ ಔಷಧಿಯಿಂದ ಬೆಂದುಹೋಗಿದ್ದವಳಿಗೆ ಆ ಪದ ಕೇಳಿಯೇ ಅಳು ಬಂತು. ಆದರೂ ಹೊರಟೆ. ಹೊರಡುವ ಮುಂಚೆ ಚೈತ್ರಾಳ ನೋಟ್‌ಬುಕ್ಕಿನ ಹಾಳೆ ಹರಿದು ಡಾಕ್ಟರಿಗೆ ಕೇಳಬೇಕಾದ್ದನ್ನು ಬರೆದುಕೊಂಡೆ. ಯಾಕೆ ಬಂತು, ಎಲ್ಲ ಉದುರುತ್ತದಾ, ಮತ್ತೆ ಬರುತ್ತದಾ. ಕೊನೆಯಲ್ಲಿ, ಅಡಿಗೆರೆ ಎಳೆದು: ಅಂಟುತ್ತದಾ?

ಕ್ಲಿನಿಕ್ಕಿನಲ್ಲಿ ಎ.ಸಿ. ಇತ್ತು. ಚೆನ್ನಾಗಿ ಬಟ್ಟೆ ಹಾಕಿದ ಹುಡುಗಿ ಒಂದು ಆಲ್ಬಮ್ ತೆರೆದಿಟ್ಟಳು. ಎಡಗಡೆ ಬೋಳು, ಬಲಗಡೆ ಕೂದಲು. ನಡುವಿನ ಪುಟದಲ್ಲಿ ಹಿಂದಲೆಯಿಂದ ಕೊಯ್ದು ತೆಗೆದ ಚರ್ಮದ ಪಟ್ಟಿ, ಟ್ರೇನಲ್ಲಿ, ಕೂದಲ ಸಮೇತ. ನಾನು ಮುಖ ತಿರುಗಿಸಿದೆ. ಅಪ್ಪ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಇದು ಈರುಳ್ಳಿ ಸಸಿ ಕಿತ್ತು ನೆಟ್ಟಂಗೇನಮ್ಮ?"

"ಹಾಗೇ ಅಂದ್ಕೊಳ್ಳಿ ಸರ್. ಹಿಂದುಗಡೆ ಡೋನರ್ ಏರಿಯಾ. ಅಲ್ಲಿಂದ ತೆಗೆದು ಮುಂದೆ ಹಾಕೋದು."

"ನೋವಾಗ್ತೈತಾ?"

"ಇಂಜೆಕ್ಷನ್ ಕೊಡ್ತಾರೆ ಸರ್, ಗೊತ್ತಾಗಲ್ಲ."

"ನೆಟ್ಟಿದ್ದೆಲ್ಲಾ ಬದುಕ್ತೈತಾ?"

"ಮೊದಲು ಉದುರುತ್ತೆ, ಆಮೇಲೆ ಬರುತ್ತೆ. ಟೈಮ್ ಬೇಕು ಸರ್."

ಅಪ್ಪ ತಲೆಯ ಮೇಲಿನ ಟೋಪಿ ತೆಗೆದರು. ಕಿವಿಯ ಸುತ್ತ ಒಂದು ಬೆರಳಗಲ ಬಿಳಿ ಕೂದಲು ಬಿಟ್ಟರೆ ಅವರಿಗೆ ಏನೂ ಇಲ್ಲ.

"ಹಂಗಾದ್ರೆ ನನ್ ತಲೇದು ತೆಗೆದು ಈಕೆಗೆ ಹಾಕ್ರಿ. ನನಗೀಗ ಇದರಿಂದ ಏನಾಗಬೇಕೈತೆ?"

ಹುಡುಗಿಗೆ ನಗು ಬಂದಿತ್ತು, ಅಪ್ಪನ ಮುಖ ನೋಡಿ ತಡೆದುಕೊಂಡಳು. ಬೇರೆಯವರ ಕೂದಲನ್ನು ದೇಹ ಒಪ್ಪುವುದಿಲ್ಲ ಅಂದಳು. ಅಪ್ಪ ಟೋಪಿ ಹಾಕಿಕೊಂಡರು. ಅಲ್ಲಿಯವರೆಗೆ ಎಲ್ಲರ ಮೇಲೂ ಸಿಟ್ಟು ಮಾಡಿಕೊಂಡಿದ್ದ ನಾನು ಅಲ್ಲಿ ಮಾತ್ರ ಅತ್ತುಬಿಟ್ಟೆ.

ಒಳಗಿದ್ದ ಸರ್ಜನ್ ನನ್ನ ತಲೆಯನ್ನು ನೋಡಿದ್ದು ಅರ್ಧ ನಿಮಿಷ. ಗ್ಲೌಸ್ ಹಾಕಿಕೊಂಡಿದ್ದರು. "ಇದು ಅಲೋಪೀಶಿಯಾ ಏರಿಯೇಟಾ. ಇದಕ್ಕೆ ಟ್ರಾನ್ಸ್‌ಪ್ಲಾಂಟ್ ಆಗಲ್ಲ. ನೆಟ್ಟರೂ ಈ ಕಾಯಿಲೆ ಅದನ್ನೂ ಉದುರಿಸಬಹುದು. ಸ್ಕಿನ್ ಡಾಕ್ಟರಿಗೆ ತೋರಿಸಿ." ಸುಳ್ಳು ಹೇಳದೆ ಕಳಿಸಿದರು, ಅದಕ್ಕೆ ಋಣಿ. ನನ್ನ ಚೀಟಿ ಮುಷ್ಟಿಯ ಬೆವರಿಗೆ ಮುದ್ದೆಯಾಗಿತ್ತು. ಕೊನೆಯ ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ. ಕೇಳಿ, ಹೌದು ಅಂದುಬಿಟ್ಟರೆ?

ನಿಜ ಹೇಳಬೇಕೆಂದರೆ ಅಷ್ಟು ಹೊತ್ತಿಗೆ ನಾನೂ ನಂಬಿಬಿಟ್ಟಿದ್ದೆ. ಮಲಗಿದಾಗ ತಲೆಯಲ್ಲಿ ಏನೋ ಹರಿದಾಡುತ್ತಿತ್ತು. ಚೈತ್ರಾ ಮರೆತು ಹತ್ತಿರ ಬಂದರೆ "ದೂರ ಹೋಗೇ" ಅಂತ ನಾನೇ ಗದರುತ್ತಿದ್ದೆ.

ದಾವಣಗೆರೆಯ ಸ್ಕಿನ್ ಡಾಕ್ಟರ್ ಹೆಂಗಸು, ಐವತ್ತರ ಮೇಲಿನವರು. ನಮ್ಮ ಮನೆಯವರು ಜೊತೆಯಲ್ಲಿದ್ದರು. ಡಾಕ್ಟರು ಸೆರಗು ಸರಿಸಲು ಹೇಳಿ, ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಗುಳ್ಳೆಯ ಕಲೆಗಳ ಮೇಲೆ, ಬೋಳು ಜಾಗದ ಮೇಲೆ, ಹೆಬ್ಬೆರಳಿಂದ ನಿಧಾನವಾಗಿ ಸವರಿ ನೋಡಿದರು.

ಬರಿಗೈ.

ನಾಲ್ಕು ತಿಂಗಳಲ್ಲಿ ಮದ್ದು ಹಚ್ಚುವುದಕ್ಕಲ್ಲದೆ ಯಾರೂ ನನ್ನ ತಲೆ ಮುಟ್ಟಿರಲಿಲ್ಲ. "ಯಾರ್ರೀ ಇಷ್ಟು ಸುಟ್ಟಿದ್ದು?" ಅಂತ ಅವರು ನಮ್ಮ ಮನೆಯವರನ್ನು ಗದರಿಸಿದರು. ಇವರು ತಲೆ ತಗ್ಗಿಸಿದರು. ಆಮೇಲೆ ಡಾಕ್ಟರು ನನಗೆ ಬಿಡಿಸಿ ಹೇಳಿದರು. ಹೇನೂ ಇಲ್ಲ, ಹುಳವೂ ಇಲ್ಲ. ಮೈಯನ್ನು ಕಾಯುವ ಶಕ್ತಿಯೇ ದಾರಿ ತಪ್ಪಿ, ಕೂದಲಿನ ಬೇರನ್ನು ಹೊರಗಿನದು ಅಂದುಕೊಂಡು ಹೊಡೆಯುತ್ತದೆ. ತಲೆಗೆ ಇಂಜೆಕ್ಷನ್ ಕೊಡಬೇಕು, ಬರಬಹುದು, ಬಂದದ್ದು ಮತ್ತೆ ಹೋಗಲೂಬಹುದು, ಗ್ಯಾರಂಟಿ ಕೊಡಲ್ಲ ಅಂದರು. ಅಂದರೆ ನನ್ನ ಕೂದಲನ್ನು ಕಂಡು ಮೊದಲು ಅಸಹ್ಯಪಟ್ಟಿದ್ದು ನನ್ನ ಮೈಯೇ. ಉಳಿದವರೆಲ್ಲ ಆಮೇಲೆ ಸೇರಿಕೊಂಡವರು.

ಪ್ರಶ್ನೆಗಳ ಚೀಟಿ ತೆಗೆದೆ. ಮೇಲಿನ ಮೂರನ್ನು ಬಿಟ್ಟು ಕೊನೆಯದನ್ನು ಓದಿದೆ.

"ಅಂಟಲ್ಲಮ್ಮ. ಯಾರಿಗೂ ಅಂಟಲ್ಲ."

"ಮೇಡಂ, ಅದನ್ನ ಬರೆದು ಕೊಡ್ತೀರಾ? ಕನ್ನಡದಲ್ಲಿ."

ಅವರು ನನ್ನನ್ನೊಮ್ಮೆ ನೋಡಿದರು. ಯಾಕೆ ಅಂದರು. ಹೇಳಿದೆ. ಓಪಿ ಚೀಟಿಯಲ್ಲಿ ಮಾತ್ರೆ, ಮುಲಾಮಿನ ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಸಾಲು ಬರೆದು ಸಹಿ ಹಾಕಿ, ಸೀಲನ್ನೂ ಒತ್ತಿದರು.

ಇಂಜೆಕ್ಷನ್ ಅಂದರೆ ಒಂದಲ್ಲ, ಸುತ್ತಲೂ ಚುಚ್ಚುವುದು. ನೆತ್ತಿಯಲ್ಲಿ ಸೂಜಿ ಇಳಿಯುವಾಗ ಕರಕರ ಅನ್ನುವ ಸದ್ದು ತಲೆಯ ಒಳಗೇ ಕೇಳುತ್ತದೆ. ಕೂಗಲಿಲ್ಲ. ಡಾಕ್ಟರು ಬರೆದ ಚೀಟಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ.

ಮನೆಗೆ ಬಂದಾಗ ಸಂಜೆ. ಅತ್ತೆಗೆ ಓದು ಬರುವುದಿಲ್ಲ. ನಾನು ಓದಿದರೆ ನಂಬುವವರಲ್ಲ. ಮಗನ ಮಾತೂ ಹೆಂಡತಿಯ ಪರ ಅಂದುಕೊಳ್ಳುವವರು. ಚೀಟಿಯನ್ನು ಚೈತ್ರಾಳ ಕೈಗೆ ಕೊಟ್ಟೆ. ಅವಳು ಅಜ್ಜಿಯ ತೊಡೆಗೊರಗಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಇ...ದು ಅಂ...ಟು...ವ ಕಾ...ಯಿ...ಲೆ ಅ...ಲ್ಲ. ಮ...ಗು...ವಿ...ಗೆ ಜ...ಡೆ ಹಾ...ಕ...ಬ...ಹು...ದು."

ಓದಿ ಮುಗಿಸಿ ತಲೆಯೆತ್ತಿದಳು. "ಅಜ್ಜೀ, ನಂದೇ ಬರ್ದವ್ರೆ!"

"ಕಾಗದ ನೋಡಿ ಹುಳ ಓಡಿ ಹೋಗ್ತೈತೇನು?" ಅಂದರು ಅತ್ತೆ. ಆದರೆ ಚೀಟಿಯನ್ನು ಇಸಿದುಕೊಂಡು ಆ ಸೀಲನ್ನು ಬಹಳ ಹೊತ್ತು ನೋಡಿದರು.

ಮಾರನೆಯ ಬೆಳಿಗ್ಗೆ ಚೈತ್ರಾ ಹೊಸ್ತಿಲ ಹತ್ತಿರ ಬಂದು ನನಗೆ ಬೆನ್ನು ಮಾಡಿ ಕೂತಳು. ಭುಜದ ಮೇಲಿಂದ ಬಾಚಣಿಗೆ ಚಾಚಿದಳು. ಕೆಂಪು ದಾರದ್ದು. ನನ್ನದು.

ಕೈ ಹಿಂದೆ ಸರಿಯಿತು. ಅತ್ತೆಯದಲ್ಲ, ನನ್ನದೇ ಕೈ. ಆ ಬಾಚಣಿಗೆ ಅವಳ ತಲೆಗೆ ತಾಗುವುದನ್ನು ನೆನೆದೇ ಮೈ ಜುಮ್ಮೆಂದಿತು. ನನ್ನ ಮಗಳಿಗೆ ನಾನೇ ಹೊಲಸಾಗಿದ್ದೆ, ನನ್ನ ಕಣ್ಣಲ್ಲೇ. ಆ ನಾಲ್ಕು ತಿಂಗಳಲ್ಲಿ ಅದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿರಲಿಲ್ಲ.

ಒಲೆಯ ಮುಂದಿದ್ದ ಅತ್ತೆ ಈ ಕಡೆ ತಿರುಗದೆ ಹೇಳಿದರು: "ಸ್ಕೂಲಿಗೆ ಟೈಮಾತು. ಹಾಕು ಅಮ್ಮಾಯಿ."

ಹಾಕಿದೆ. ಬೈತಲೆ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಿದೆ.

ಅದಾಗಿ ಈಗ ಎಂಟು ತಿಂಗಳಾಗಿದೆ. ನನ್ನ ತಲೆಯಲ್ಲಿ ಅಲ್ಲಲ್ಲಿ ಕೂದಲು ಬಂದಿದೆ, ಬಿಳಿಯದು, ಬೆರಳುದ್ದ. ಮೊದಲು ಹೀಗೇ ಬರುತ್ತದೆ, ಆಮೇಲೆ ಕಪ್ಪಾಗಬಹುದು ಅಂತ ಡಾಕ್ಟರ್ ಅಂದಿದ್ದಾರೆ. ಕಿವಿಯ ಮೇಲಿನ ಎಂಟಾಣೆಯ ಜಾಗ ಮಾತ್ರ ಇನ್ನೂ ಬೋಳು. ಸೀರೆ ಮಡಚುವ ಕೆಲಸ ವಾಪಸ್ ಬಂದಿದೆ, ತಲೆಗೆ ಬಟ್ಟೆ ಕಟ್ಟಿಕೊಂಡು ಮಾಡುತ್ತೇನೆ. ಅತ್ತೆ ತಟ್ಟೆಯನ್ನು ಕೈಗೇ ಕೊಡುತ್ತಾರೆ. ತಮ್ಮ ಬಾಚಣಿಗೆಯನ್ನು ಮಾತ್ರ ಇನ್ನೂ ಮೇಲಿನ ಗೂಡಿನಲ್ಲಿಡುತ್ತಾರೆ. ಇಟ್ಟುಕೊಳ್ಳಲಿ.

ನನಗೂ ಚೈತ್ರಾಳಿಗೂ ಒಂದೇ ಬಾಚಣಿಗೆ. ಕೆಂಪು ದಾರ ಕೊಳೆಯಾಗಿದೆ, ಬಿಚ್ಚಿಲ್ಲ. ಜಡೆ ಹಾಕಿ ಮುಗಿದ ಮೇಲೆ ಹಲ್ಲಿಗೆ ಸಿಕ್ಕಿದ ಕೂದಲು ಬಿಡಿಸುತ್ತೇನೆ. ಉದ್ದನೆಯ ಕರಿಯದು ಅವಳದು, ತುಂಡು ಬಿಳಿಯದು ನನ್ನದು. ಎರಡನ್ನೂ ಒಟ್ಟಿಗೇ ಸುತ್ತಿ ಉಂಡೆ ಮಾಡಿ ಅವಳ ಬಾಯಿ ಮುಂದೆ ಹಿಡಿಯುತ್ತೇನೆ. ಅವಳು ಕೆನ್ನೆ ಉಬ್ಬಿಸಿ, ಖುಷಿಯಿಂದ, ಮೂರು ಸಲ ಉಗಿಯುತ್ತಾಳೆ.