ಹದಿಮೂರನೆಯ ಎಲೆ

ಆ ಎಲೆಯ ಮೇಲೆ ಇದ್ದದ್ದು ಇಷ್ಟೇ: ಒಂದು ಹೊಳೆ, ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಟ್ಟೆ ತೊಳೆಯುವ ಹೆಂಗಸು, ಬಟ್ಟೆಯಿಂದ ನೀರಿಗೆ ಇಳಿಯುವ ಕೆಂಪು, ಪಕ್ಕದ ಬಂಡೆಯ ಮೇಲೆ ಒಂದು ಕಾಗೆ. ನಾಲ್ಕೂ ಅಂಚಿಗೆ ಹೆಣೆದ ಗೆರೆಗಳು. ಎಲೆಯೆಂದರೆ ಇಸ್ಪೀಟಿನ ಎಲೆಯಂಥದೇ, ತುಸು ಉದ್ದ. ಆಡುವುದಕ್ಕಲ್ಲ, ಭವಿಷ್ಯ ಕೇಳುವುದಕ್ಕೆ. ಅದಕ್ಕೆ ಟ್ಯಾರೋ ಅನ್ನುತ್ತಾರೆಂದು ಈಗ ಸಣ್ಣ ಹುಡುಗರಿಗೂ ಗೊತ್ತು. ಎಪ್ಪತ್ತರ ದಶಕದ ಬೈಲಹೊಂಗಲದಲ್ಲಿ ನಮಗ್ಯಾರಿಗೂ ಗೊತ್ತಿರಲಿಲ್ಲ.

ನಮ್ಮಪ್ಪ ಪಂಚಾಂಗ ಹೇಳುವವರು. ದೊಡವಾಡದಿಂದ, ಸವದತ್ತಿ ಕಡೆಯಿಂದ ಜನ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದರು. ಎಮ್ಮೆ ಕಳೆದಿದೆ, ಬಾವಿ ಎಲ್ಲಿ ತೋಡಲಿ, ಕೂಸಿಗೆ ಯಾವ ಅಕ್ಷರದ ಹೆಸರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು ಎಂಬ ಗಾದೆಯನ್ನು ಅವರ ಎದುರಿಗೇ ಆಡಿ ಪೆಟ್ಟು ತಿಂದವಳು ನಾನು. ಆಗ ಪಿಯುಸಿ ಓದುತ್ತಿದ್ದೆ. ನಾಲಿಗೆ ಉದ್ದ, ತಾಳ್ಮೆ ಗಿಡ್ಡ. ಮನೆಯಲ್ಲಿ ನನ್ನಷ್ಟು ಶಾಣ್ಯಾ ಯಾರೂ ಇಲ್ಲವೆಂದೇ ನನ್ನ ನಂಬಿಕೆ.

ಆ ವರ್ಷ ಅವ್ವನ ಹೊಟ್ಟೆಯಲ್ಲಿ ಗಂಟು ಕಾಣಿಸಿತ್ತು. ನಮ್ಮೂರ ಡಾಕ್ಟರು, “ಮಿರಜಕ್ಕ ಒಯ್ರಿ, ಕೊಯ್ದು ತಗೀಬೇಕು, ಲಗೂನ ಆಗಬೇಕ್ರಿ” ಎಂದಿದ್ದರು. ಅಪ್ಪ ಪಂಚಾಂಗ ಬಿಡಿಸಿದರು. ಅಮಾವಾಸ್ಯೆ ಕಳೆಯಬೇಕು, ಆಮೇಲೆ ಅವ್ವನ ನಕ್ಷತ್ರಕ್ಕೆ ಕೂಡಿಬರುವ ದಿನ ಬೇಕು. ಕೊನೆಗೆ ಒಂದು ಗುರುವಾರ ಗೊತ್ತಾಯಿತು. ಅವ್ವ ಟ್ರಂಕಿನಲ್ಲಿ ಎರಡು ಸೀರೆ ಇಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟಳು. ಅವಳಿಗೆ ಅಂಜಿಕೆ. ಅದಕ್ಕಿಂತ ದೊಡ್ಡದು ಅಕ್ಕನ ಚಿಂತೆ. ಅಕ್ಕನನ್ನು ರಾಮದುರ್ಗಕ್ಕೆ ಕೊಟ್ಟಿತ್ತು. ಯಾವುದೋ ಮುಂಜಿವೆಯ ಊಟದಲ್ಲಿ ಅವಳ ಮಾವನನ್ನು ಮೊದಲ ಪಂಕ್ತಿಗೆ ಕೂರಿಸಲಿಲ್ಲವೆಂದು ಬೀಗರು ಸಿಟ್ಟಾಗಿ, ಎರಡು ವರ್ಷದಿಂದ ಅವಳನ್ನು ತವರಿಗೆ ಕಳಿಸಿರಲಿಲ್ಲ.

ಆ ಗುರುವಾರಕ್ಕೆ ಆರು ದಿನ ಇರುವಾಗ, ಮಧ್ಯಾಹ್ನ, ಒಬ್ಬ ಬಿಳಿ ಹುಡುಗಿ ನಮ್ಮ ಕಟ್ಟೆಗೆ ಬಂದಳು. ಗೋವಾದಿಂದ ಬಾದಾಮಿಗೆ ಹೊರಟವಳಂತೆ. ಬಸ್ಸು ಕೆಟ್ಟು ನಿಂತಿತ್ತು, ರಿಪೇರಿಗೆ ಎರಡು ತಾಸು ಎಂದಿದ್ದರು. ಇಲ್ಲಿ ಭವಿಷ್ಯ ಹೇಳುವವರಿದ್ದಾರೆಂದು ಸ್ಟ್ಯಾಂಡಿನಲ್ಲಿ ಯಾರೋ ತೋರಿಸಿಕೊಟ್ಟಿದ್ದರು. ಗಂಟುಗಟ್ಟಿದ ಕೂದಲು, ಲುಂಗಿಯಂಥದೇನೋ ಸುತ್ತಿಕೊಂಡಿದ್ದಳು. ಅವ್ವ ಮೊದಲು ಮಜ್ಜಿಗೆ ಕೊಟ್ಟಳು. ಆಮೇಲೆ, “ಹಣಿ ಬೋಳು ಇಟಗೊಂಡು ತಿರಗತದಲ್ಲ ಕೂಸು” ಎಂದು ಬೈದು ಕುಂಕುಮ ಹಚ್ಚಿದಳು.

ಇಂಗ್ಲೆಂಡೇನು ಎಂದು ನಾನು ಕೇಳಿದ್ದಕ್ಕೆ ಹುಡುಗಿಗೆ ಸಿಟ್ಟೇ ಬಂತು. ಐರ್ಲೆಂಡ್ ಎಂದಳು. ತಮ್ಮ ಹಿರಿಯರು ಕೆಲ್ಟರು, ಇಂಗ್ಲಿಷರಲ್ಲ ಎಂದಳು. ಅಪ್ಪ ಅವಳ ಕೈ ನೋಡಿ ಏನೋ ಹೇಳಿದರು, ನನಗೆ ತಿಳಿದ ಇಂಗ್ಲಿಷಿನಲ್ಲಿ ನಾನು ದಾಟಿಸಿದೆ. ಅದಕ್ಕೆ ಪ್ರತಿಯಾಗಿ ಆಕೆ ಚೀಲದಿಂದ ಎಲೆಗಳ ಕಟ್ಟು ತೆಗೆದಳು. ತಾನೇ ಬಣ್ಣದಲ್ಲಿ ಬರೆದದ್ದು, ತಮ್ಮ ಕಡೆಯ ಹಳೆಯ ಕಥೆಗಳನ್ನು ಹಾಕಿ. ಯಾರಾದರೂ ಒಂದು ಎಲೆ ಎತ್ತಿದರೆ ಅರ್ಥ ಹೇಳುತ್ತೇನೆ ಎಂದಳು. ಅಪ್ಪ ನಕ್ಕು ಕೈ ಆಡಿಸಿದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು, ದೇವರ ಪ್ರಸಾದ ಕೇಳುವವಳ ಹಾಗೆ ಕಣ್ಣು ಮುಚ್ಚಿ, ಒಂದನ್ನು ಎಳೆದಳು.

ಅವ್ವ ಎಲೆಯನ್ನು ಕಣ್ಣಿನ ಹತ್ತಿರ ಹಿಡಿದು ಖುಷಿಯಿಂದ ನೋಡಿದಳು. “ಅಯ್ಯ, ಇಳಕಲ್ಲ ಸೀರಿ! ಮೊದಲನೇ ಸಲ ಹಿಂಗs ಬಣ್ಣಾ ಬಿಡ್ತದ. ಉಪ್ಪಿನ ನೀರಾಗ ನೆನೀ ಹಾಕು ಅಂತ ಹೇಳs ಆಕಿಗೆ.” ಆಮೇಲೆ ಅಂಚಿನ ಹೆಣಿಗೆಯ ಮೇಲೆ ಬೆರಳು ಓಡಿಸಿ, “ಎಳಿ ರಂಗೋಲಿ ಇದು. ಎಲ್ಲಿ ಸುರು ಆತು, ಎಲ್ಲಿ ಮುಗೀತು, ತಿಳೀವಲ್ದು” ಎಂದಳು.

ಹುಡುಗಿ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದಳು. ಇದು ಹದಿಮೂರನೆಯ ಎಲೆ, ಸಾವು. ತಮ್ಮ ಹಿರಿಯರ ಕಥೆಯಲ್ಲಿ ಯುದ್ಧಕ್ಕೆ ಹೋಗುವವರಿಗೆ ಹೊಳೆ ದಾಟುವಲ್ಲಿ ಒಬ್ಬ ಹೆಂಗಸು ಕಾಣುತ್ತಾಳೆ. ಅವಳು ಯಾರ ರಕ್ತದ ಬಟ್ಟೆ ತೊಳೆಯುತ್ತಿದ್ದಾಳೋ ಅವರು ತಿರುಗಿ ಬರುವುದಿಲ್ಲ. ಕಾಗೆಯೂ ಅವಳೇ. ಇಷ್ಟು ಹೇಳಿ ನನ್ನ ಮುಖ ನೋಡಿದವಳು ಅವಸರದಿಂದ ಸೇರಿಸಿದಳು: ಹೆದರಬೇಡ, ಎಲೆಯಲ್ಲಿ ಇದು ಬಂದರೆ ಸಾಯುತ್ತಾರೆಂದಲ್ಲ. ಯಾವುದೋ ಒಂದು ಮುಗಿಯಬೇಕಾಗಿದೆ ಎಂದು. ಕತ್ತರಿಸಬೇಕಾದ್ದನ್ನು ಕತ್ತರಿಸಬೇಕು, ಅಂಜಿ ತಡಮಾಡಬಾರದು. ಅಂಚಿನ ಗೆರೆಗೆ ಅದಕ್ಕೇ ಕೊನೆಯಿಲ್ಲ, ಮುಗಿದದ್ದು ಮತ್ತೆ ಸುರುವಾಗುತ್ತದೆ. ನಿಮ್ಮ ತಾಯಿಗೆ ಇದನ್ನು ಹೇಳು.

“ಏನಂದ್ಲs ಆಕಿ? ಅಷ್ಟುದ್ದಾ ಮಾತಾಡಿದ್ಲು.”

ನಾನು ಸಾವು ಎಂಬಲ್ಲೇ ನಿಂತುಬಿಟ್ಟಿದ್ದೆ. ಮುಂದಿನದು ಕಿವಿಗೆ ಬಿದ್ದಿತ್ತು, ತಲೆಗೆ ಹತ್ತಿರಲಿಲ್ಲ. ಅವ್ವ ಕಾಯುತ್ತಿದ್ದಳು. ಕಾಗೆ ಕಂಡಿತು. ನಮ್ಮಲ್ಲಿ ಕಾಗೆ ಕೂತು ಕೂಗಿದರೆ ಏನೆಂದು ಯಾರಿಗೆ ಗೊತ್ತಿಲ್ಲ?

“ಮನಿಗೆ ಮಂದಿ ಬರ್ತಾರಂತ” ಎಂದೆ. ಅಷ್ಟಕ್ಕೆ ಬಿಡದೆ, “ಭಾಳ ದಿನದಿಂದ ಬರದವರು” ಎಂದೂ ಸೇರಿಸಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಹುಡುಗಿ ಕಟ್ಟು ಚೀಲಕ್ಕೆ ಹಾಕಿಕೊಂಡು, ಕೈ ಮುಗಿದು, ಬಸ್ಸಿಗೆ ಹೋದಳು. ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಆ ಅಂಚಿನ ಹೆಣಿಗೆಯೇ ರಂಗೋಲಿಯಾಗಿ ಬಿದ್ದಿತ್ತು. ಅವ್ವ ಹೊಟ್ಟೆ ಒತ್ತಿ ಹಿಡಿದುಕೊಂಡೇ ಚಕ್ಕುಲಿ ಹಿಟ್ಟು ನಾದಿದಳು. ಬುಧವಾರ ಅಪ್ಪನಿಗೆ ಹೇಳಿದಳು, “ನಾ ಈಗ ಬರಂಗಿಲ್ರಿ. ಮಂದಿ ಬರೋದದ. ಬಂದು ಹೋಗಲಿ, ಆಮ್ಯಾಲೆ ನೋಡೋಣ.” ಅಪ್ಪ ಒಂದು ಸಲ ಗದರಿದರು. ಆಮೇಲೆ ಮುಂದಿನ ಒಳ್ಳೆಯ ದಿನ ಹುಡುಕಲು ಕೂತರು. ಅದು ಹನ್ನೊಂದು ದಿನ ದೂರ ಇತ್ತು. ಅವರಿಗೂ ಅಂಜಿಕೆಯೇ ಎಂದು ಈಗ ಅನಿಸುತ್ತದೆ.

ನಾನು ಬಾಯಿ ಬಿಡಬಹುದಿತ್ತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಹೇಳಿದರೆ ಸಾವು ಎಂಬ ಶಬ್ದದಿಂದಲೇ ಸುರುಮಾಡಬೇಕಿತ್ತು. ಅದು ನನ್ನಿಂದ ಆಗಲಿಲ್ಲ. ಉದ್ದ ನಾಲಿಗೆ ಬೇಕಾದಾಗ ಏನೂ ಕೆಲಸಕ್ಕೆ ಬರಲಿಲ್ಲ.

ಆ ಬುಧವಾರದಿಂದ ಒಂಬತ್ತನೆಯ ದಿನ ಅವ್ವ ಒಲೆಯ ಮುಂದೆ ಬಿದ್ದಳು. ಮೈಯೆಲ್ಲ ಕೆಂಡ, ಹೊಟ್ಟೆ ಕಲ್ಲು. ಡಾಕ್ಟರು ಒಳಗೆ ಒಡೆದಿದೆ ಎಂದರು. ಬೆಳಗಾವಿಗೆ ಒಯ್ಯಲು ಗಾಡಿ ಬರುವುದರೊಳಗೆ ಮುಗಿಯಿತು. ನಾನು ಅವಳ ಕಾಲ ಹತ್ತಿರ ನಿಂತಿದ್ದೆ. ನನಗೆ ಏನೂ ಆಗಲಿಲ್ಲ. ಖರೇ ಹೇಳುತ್ತೇನೆ, ಏನೂ ಆಗಲಿಲ್ಲ. ಒಲೆಯ ಮೇಲಿನ ಸಾರು ಉಕ್ಕುತ್ತಿತ್ತು, ಹೋಗಿ ಇಳಿಸಿದೆ. “ಹುಡುಗಿ ಅಳವಲ್ದು, ಅಳಸ್ರಿ ಅದನ್ನ” ಎಂದು ನೆರೆಮನೆಯವರು ನನ್ನ ಬೆನ್ನಿಗೆ ಗುದ್ದಿದರು. ಗುದ್ದಿದ್ದು ನೋಯಲಿಲ್ಲ.

ಅಕ್ಕ ಮರುದಿನ ಬಂದಳು. ಸತ್ತ ಸುದ್ದಿಗೆ ಬೀಗರೂ ಬೇಡ ಎನ್ನಲಾರರು. ಅಲ್ಲಿಂದ ದಿನಾ ರಾತ್ರಿ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದೆವು. ಹದಿಮೂರನೆಯ ದಿನ ನಮ್ಮಲ್ಲಿ ದುಃಖ ಮುಗಿಯುವ ದಿನ. ಸಿಹಿ ಮಾಡಬೇಕು, ಉಣ್ಣಬೇಕು, ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕು. ಆ ಹುಡುಗಿಯ ಎಲೆಗೂ ಅದೇ ಸಂಖ್ಯೆ, ಅದೇ ಅರ್ಥ. ಅವಳು ಹೇಳಿದ ಎರಡನೆಯ ಮಾತು ಅಂದು ಹೂರಣ ಅರೆಯುವಾಗ ನನ್ನ ತಲೆಗೆ ಹತ್ತಿತು. ತಡಮಾಡಬಾರದು. ಆ ಎಲೆ ಅವ್ವನನ್ನು ಮಿರಜಕ್ಕೆ ಕಳಿಸುವ ಎಲೆಯಾಗಿತ್ತು. ನಾನು ಅದನ್ನು ಮನೆಯಲ್ಲಿ ಕೂರಿಸುವ ಎಲೆ ಮಾಡಿದ್ದೆ.

ಊಟವಾಗಿ ಮಂದಿ ಕರಗಿದ ಮೇಲೆ ಹಿತ್ತಲಲ್ಲಿ ಅಕ್ಕನಿಗೆ ಎಲ್ಲವನ್ನೂ ಹೇಳಿದೆ. “ನಾನs ಕೊಂದೆ ಅಕ್ಕಾ. ನನ್ನ ಸುಳ್ಳು ನಂಬಿ ಅವ್ವ ಹೋಗಲಿಲ್ಲ.” ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದೆ.

ಅಕ್ಕ ಸಿಟ್ಟಾಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಇನ್‌ಲ್ಯಾಂಡ್ ಪತ್ರ ತಂದು ಕೈಗಿಟ್ಟಳು. ಅವ್ವ ಕಲಿತದ್ದು ಕನ್ನಡ ನಾಲ್ಕನೆಯ ಇಯತ್ತೆ. ಒಂದೊಂದು ಅಕ್ಷರವೂ ದಪ್ಪ, ಪೆನ್ಸಿಲಿನಲ್ಲಿ ಒತ್ತಿ ಬರೆದದ್ದು. ಆ ಹುಡುಗಿ ಬಂದುಹೋದ ಮರುದಿನದ ತಾರೀಖು.

“ಪರದೇಶದಾಕಿ ಒಂದು ಎಲಿ ತಗಿಸಿದ್ಲು. ಅದರಾಗ ಏನಿತ್ತೋ ನನಗ ತಿಳೀಲಿಲ್ಲ. ಛಲೋದು ಇರಲಿಲ್ಲ, ನಿನ್ನ ತಂಗಿ ಮಾರಿ ನೋಡಿದ ಕೂಡಲೆ ಗೊತ್ತಾತು. ಮಂದಿ ಬರ್ತಾರ ಅಂತ ನನ್ನ ಸಮಾಧಾನಕ್ಕ ಸುಳ್ಳು ಹೇಳ್ಯಾಳ ಹುಚ್ಚಿ. ನಾಳೆ ನನಗ ಏನರೆ ಆದ್ರ ಆ ಸುಳ್ಳು ಆಕಿನ್ನ ಜನ್ಮಪೂರ್ತಿ ತಿಂತದ. ಅತ್ತಿಯವರ ಕಾಲು ಹಿಡಿ, ಒಂದs ದಿನ ಬಂದು ಹೋಗು. ನೀ ಬಂದ್ರ ಆಕಿ ಹೇಳಿದ್ದು ಖರೇ ಆಗ್ತದ. ನೀ ಬರೋ ತನಕಾ ನಾ ಮಿರಜಕ್ಕ ಹೋಗಂಗಿಲ್ಲ.”

“ಕಾಲು ಹಿಡಿದೆ” ಎಂದಳು ಅಕ್ಕ. “ಮುಂದಿನ ವಾರ ಕಳಸ್ತೇವಿ ಅಂದ್ರು.” ಅಷ್ಟು ಹೇಳಿ ಅವಳು ಕಲ್ಲಿನ ಮೇಲೆ ಕುಸಿದು ಅತ್ತಳು, ಊರಿಗೆಲ್ಲ ಕೇಳುವ ಹಾಗೆ. ನಾನು ಪತ್ರವನ್ನು ಇನ್ನೊಂದು ಸಲ ಓದಿದೆ. ಅಳು ಬರುವುದಿದ್ದರೆ ಆಗ ಬರಬೇಕಿತ್ತು. ಬರಲಿಲ್ಲ. ಇವತ್ತಿಗೂ ಬಂದಿಲ್ಲ.