ಸೌಟು ಹಿಡಿದು ನಿಲ್ಲುವ ಅಕ್ಕೋರು

ಜಕ್ಕಲಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅನ್ನಪೂರ್ಣೇಶ್ವರಿ ಅಕ್ಕೋರಿಗೆ ಊರವರು ಇಟ್ಟ ಹೆಸರು ‘ಜಿಪುಣಿ’. ಬೀಗರು ತಾಟಿಗೆ ಕೈ ಅಡ್ಡ ಹಿಡಿದರೂ ಬೆರಳಿನ ಮೇಲೆಯೇ ಹೋಳಿಗೆ ಬಡಿಸಿಬಿಡುವ ಸೀಮೆಯಲ್ಲಿ, ಆಕೆ ಬಿಸಿಯೂಟದ ಸಾರನ್ನೂ “ನೀಡ್ಲೇನು?” ಎಂದು ಕೇಳಿಯೇ ನೀಡುತ್ತಾರೆ. “ಸಾಕ್ರಿ” ಎಂದರೆ ಸೌಟು ಅಲ್ಲೇ ನಿಲ್ಲುತ್ತದೆ, ಸುಮ್ಮನಿದ್ದರೂ ನಿಲ್ಲುತ್ತದೆ. ಬಾಯಿಬಿಟ್ಟು “ಹೂಂ” ಎನ್ನುವವರೆಗೆ ಸಾರು ಆರಿ ತಣ್ಣಗಾದರೂ ಆಕೆಗೆ ಅವಸರವಿಲ್ಲ. ಹತ್ತನೆಯ ತರಗತಿಗೆ ಗಂಡು-ಹೆಣ್ಣಿನ ಸಂಬಂಧದ ಪಾಠ ಹೇಳುವಾಗಲೂ ಅದೇ ಸೌಟಿನ ನ್ಯಾಯ: “ಮುಟ್ಟೂಕಿಂತ ಮೊದಲ ಕೇಳ್ರಿ. ಬ್ಯಾಡ ಅಂದ್ರ ಬ್ಯಾಡ. ನಿನ್ನೆ ಹೂಂ ಅಂದಾಕಿ ಇವತ್ತ ಒಲ್ಲೆ ಅನಬಹುದು.” ವರ್ಷಕ್ಕೊಬ್ಬನಾದರೂ ಅದೊಂದು ಪ್ರಶ್ನೆ ಕೇಳಿಯೇ ಕೇಳುತ್ತಾನೆ, ಈ ಸಲ ಭೀಮೇಶ ಎದ್ದು ಕೇಳಿದ: “ಸುಮ್ನಿದ್ರ ಒಪ್ಪಿದಂಗ ಅಲ್ಲೇನ್ರಿ, ಅಕ್ಕೋರ?” ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟರು. “ನನ್ನ ನೋಡಾಕ ಬಂದಾಗ ನನಗ ಹದಿನೇಳು. ಚಾದ ತಾಟ ಹಿಡಕೊಂಡು ಸುಮ್ನ ನಿಂತಿದ್ನಿ. ಹುಡುಗಿ ಒಪ್ಪ್ಯಾಳ ಅಂತ ಸಕ್ರಿ ಹಂಚಿದ್ರು.” ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದರು. “ಈಗ ನೀವೂ ಸುಮ್ನ ಕುಂತೀರಿ. ಇದನ್ನ ಒಪ್ಪಿದಂಗ ಅಂತ ತಿಳೀಲೇನು?”